ತಾಮ್ರದ ಮೇಲೆ ಗಾಜು ಕರಗಿಸಿ: ಎನಾಮಲ್ ಪೆಂಡೆಂಟ್ ಮಾಡುವುದು ಹೇಗೆ?

ಒಡವೆಯ ಮೇಲೆ ಹೊಳೆಯುವ ಅಸಲಿ ಎನಾಮಲ್ ಎಂದರೆ ಪೇಂಟ್ ಅಲ್ಲ, ಗಾಜು. ಬಣ್ಣದ ಗಾಜಿನ ಪುಡಿಯನ್ನು ಲೋಹದ ಮೇಲೆ ಉದುರಿಸಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿಸಿ ಕೂರಿಸುತ್ತಾರೆ. ಬೆಂಕಿಯ ಕೆಲಸ ಎರಡು ಮೂರು ನಿಮಿಷದ್ದು, ಅಷ್ಟೇ. ಕೆಲಸ ಕೆಡುವುದು ಹೆಚ್ಚಾಗಿ ಅದಕ್ಕೂ ಮೊದಲೇ.

ಕಲಿಯುವವರಿಗೆ ತಾಮ್ರವೇ ಸರಿ. ಹಿತ್ತಾಳೆ ಬೇಡ, ಅದರಲ್ಲಿರುವ ಸತುವಿನಿಂದ ಗಾಜು ಎದ್ದು ಬರುತ್ತದೆ. ಒಂದು ಮಿಲಿಮೀಟರ್‌ ದಪ್ಪದ ತಗಡನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಅಂಚು ಅರದಿಂದ ಉಜ್ಜಿ. ಸರ ಪೋಣಿಸುವ ತೂತನ್ನು ಈಗಲೇ ಕೊರೆಯಿರಿ. ಗಾಜು ಕೂತ ಮೇಲೆ ಡ್ರಿಲ್ ಹಿಡಿದರೆ ಅದು ಒಡೆಯುತ್ತದೆ. ತಗಡನ್ನು ತಟ್ಟಿ ಸ್ವಲ್ಪ ಉಬ್ಬಿಸಿದರೆ ಬಿಸಿಗೆ ಅಷ್ಟಾಗಿ ಸೊಟ್ಟಗಾಗುವುದಿಲ್ಲ.

ಇನ್ನು ತೊಳೆಯುವುದು. ಇಲ್ಲಿ ಅವಸರ ಬೇಡವೇ ಬೇಡ. ಪಾತ್ರೆ ತಿಕ್ಕುವಂಥ ಒರಟು ಪುಡಿ ಹಾಕಿ ಚೆನ್ನಾಗಿ ತಿಕ್ಕಿ, ನಲ್ಲಿಯ ಕೆಳಗೆ ಹಿಡಿಯಿರಿ. ನೀರು ತೆಳು ಪರದೆಯಂತೆ ಹರಡಿಕೊಂಡರೆ ತಾಮ್ರ ಶುದ್ಧ. ಹನಿ ಹನಿಯಾಗಿ ಬಿಟ್ಟುಕೊಂಡರೆ ಜಿಡ್ಡು ಉಳಿದಿದೆ, ಮತ್ತೆ ತಿಕ್ಕಿ. ಆಮೇಲೆ ಬೆರಳು ತಾಗಿಸದೆ ಅಂಚಿನಲ್ಲೇ ಹಿಡಿದುಕೊಳ್ಳಿ.

ಗಾಜಿನ ಪುಡಿ ಕೊಳ್ಳುವಾಗ ತಾಮ್ರಕ್ಕೆ ಹೊಂದುವುದನ್ನೇ, ಸೀಸ ಇಲ್ಲದ್ದನ್ನೇ ಕೇಳಿ ತೆಗೆದುಕೊಳ್ಳಿ. ಪುಡಿ ಉದುರಿಸುವಾಗ ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಲೇಬೇಕು.

ಮೊದಲು ಗಾಜಿನ ಪುಡಿ ಹಾಕುವುದು ಹಿಂಬದಿಗೆ. ಯಾರೂ ನೋಡದ ಕಡೆ ಯಾಕೆ ಅಂತೀರಾ? ಆರುವಾಗ ತಾಮ್ರ ಗಾಜಿಗಿಂತ ಜಾಸ್ತಿ ಕುಗ್ಗುತ್ತದೆ. ಒಂದೇ ಬದಿಗೆ ಗಾಜಿದ್ದರೆ ಎಳೆತವೂ ಒಂದೇ ಕಡೆ. ಟಿಕ್ ಟಿಕ್ ಎಂದು ಬಿರುಕು ಬಿಡುತ್ತದೆ, ಕೆಲವೊಮ್ಮೆ ದಿನಗಳ ನಂತರ ಚಕ್ಕೆ ಏಳುತ್ತದೆ. ಎರಡೂ ಬದಿಗೆ ಗಾಜಿದ್ದರೆ ಎಳೆತ ಸರಿಸಮ. ಈ ಹಂತ ಬಿಟ್ಟುಬಿಡಿ ಎನ್ನುವವರ ಮಾತು ಕೇಳಬೇಡಿ.

ತಗಡಿಗೆ ತೆಳುವಾಗಿ ಅಂಟುನೀರು ಸವರಿ, ಸಣ್ಣ ಜರಡಿಯಿಂದ ಪುಡಿ ಉದುರಿಸಿ. ಅಂಚಿಗೆ ಮೊದಲು, ನಡುವಿಗೆ ಆಮೇಲೆ. ಪೂರ್ತಿ ಒಣಗುವವರೆಗೆ ಕಾಯಿರಿ. ಪಸೆ ಇದ್ದರೆ ಬಿಸಿಗೆ ಆವಿಯಾಗಿ ಪುಡಿಯನ್ನು ಸಿಡಿಸಿಬಿಡುತ್ತದೆ.

ಕನ್ನಡಕ, ಶಾಖ ತಡೆಯುವ ಗ್ಲೌಸ್ ಹಾಕಿಕೊಂಡು, ಉದ್ದ ಹಿಡಿಯ ಫೋರ್ಕ್‌ನಿಂದ ಕುಲುಮೆಯೊಳಗಿಡಿ. ಪುಡಿ ಮೊದಲು ಸಕ್ಕರೆ ಚೆಲ್ಲಿದ ಹಾಗೆ ತರಿತರಿಯಾಗುತ್ತದೆ, ಆಮೇಲೆ ಉಬ್ಬು ತಗ್ಗು, ಕೊನೆಗೆ ನುಣುಪಾದ ಹೊಳಪು. ಹೊಳಪು ಬಂದ ಕೂಡಲೇ ತೆಗೆಯಿರಿ. ಆಗ ಬಣ್ಣ ಬೇರೆಯದೇ ಕಾಣುತ್ತದೆ, ಕೆಂಪು ಕಪ್ಪಾದಂತಿರುತ್ತದೆ. ಗಾಬರಿ ಬೇಡ, ಆರಿದ ಹಾಗೆ ನಿಜವಾದ ಬಣ್ಣ ಬರುತ್ತದೆ. ಗಾಳಿ ಬೀಸದ ಕಡೆ ತಾನಾಗಿ ಆರಲಿ, ನೀರಿಗೆ ಮಾತ್ರ ಅದ್ದಬೇಡಿ.

ಅಷ್ಟರಲ್ಲಿ ಮುಂಬದಿಯ ತಾಮ್ರ ಸುಟ್ಟು ಕರ್ರಗಾಗಿರುತ್ತದೆ. ಆ ಕಪ್ಪು ಪೊರೆಯನ್ನು ಸಿಟ್ರಿಕ್ ಆಸಿಡ್ ಕರಗಿಸಿದ ಬೆಚ್ಚನೆಯ ನೀರಿನಲ್ಲಿ ನೆನೆಸಿ, ತಿಕ್ಕಿ ತೆಗೆಯಿರಿ. ಚೂರು ಉಳಿದರೂ ಗಾಜಿನಲ್ಲಿ ಕಪ್ಪು ಚುಕ್ಕೆಯಾಗಿ ಕೂರುತ್ತದೆ. ನಂತರ ಮುಂಬದಿಗೂ ಹಾಗೆಯೇ ಪುಡಿ ಉದುರಿಸಿ ಸುಡಿ. ಹಿಂಬದಿಯ ಗಾಜು ಮತ್ತೆ ಕರಗುವುದರಿಂದ, ಅಂಚನ್ನಷ್ಟೇ ಹಿಡಿಯುವ ಸ್ಟ್ಯಾಂಡ್ ಮೇಲಿಡಬೇಕು. ಒಂದೇ ಸಲ ದಪ್ಪ ಬಳಿಯುವುದಕ್ಕಿಂತ ಎರಡು ಮೂರು ತೆಳು ಪದರ ಹಾಕಿ, ಪ್ರತಿ ಪದರವನ್ನೂ ಬೇರೆಯಾಗಿ ಸುಡುವುದು ಮೇಲು.

ಕೊನೆಗೆ ಅಂಚನ್ನು ಹರಿಯುವ ನೀರಿನಡಿ ವಜ್ರದ ಅರದಿಂದ ಉಜ್ಜಿ ನಯ ಮಾಡಿ. ತೂತಿಗೆ ಸರ ಪೋಣಿಸುವ ಸಣ್ಣ ಉಂಗುರ ಹಾಕುವಾಗ ಉಂಗುರದ ಬಾಯನ್ನು ಅಗಲಿಸಬೇಡಿ. ಎರಡು ಇಕ್ಕಳದಿಂದ ಹಿಡಿದು, ಒಂದು ತುದಿ ಮುಂದೆ ಒಂದು ತುದಿ ಹಿಂದೆ ಬರುವಂತೆ ತಿರುಚಿ ತೆರೆಯಿರಿ. ಮುಚ್ಚುವುದೂ ಹಾಗೆಯೇ. ಇಕ್ಕಳದ ಮೂತಿ ಗಾಜಿಗೆ ತಾಗದಿರಲಿ.