ಗ ಅಂದರೆ ಗಾಲಿ: ನುಡಿ ಟೈಪಿಂಗ್‌ನಿಂದ ಯುದ್ಧವಿಮಾನಕ್ಕೆ

ಕಾರವಾರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಝೆರಾಕ್ಸ್, ಲ್ಯಾಮಿನೇಷನ್, ಕನ್ನಡ ಟೈಪಿಂಗ್. ಅರ್ಜಿ, ಕರಾರು ಪತ್ರ, ಮದುವೆ ಕಾಗದ, ನಾಟಕದ ಹ್ಯಾಂಡ್‌ಬಿಲ್, ಎಲ್ಲ 'ನುಡಿ' ತಂತ್ರಾಂಶದಲ್ಲೇ. ಹದಿನೆಂಟು ವರ್ಷವಾಯಿತು, ಕೀಬೋರ್ಡ್ ನೋಡಿ ಟೈಪ್ ಮಾಡಿದ್ದು ನೆನಪಿಲ್ಲ.

ವಿಮಾನದ ಹುಚ್ಚು ಹಿಡಿಸಿದ್ದು ಟ್ಯಾಗೋರ್ ಕಡಲತೀರದ ಟುಪೊಲೆವ್-142. ನೌಕಾಪಡೆಯಿಂದ 2017ರಲ್ಲಿ ನಿವೃತ್ತಿಯಾದ ಮಾದರಿ ಅದು. ಚಪಲ್ ಯುದ್ಧನೌಕೆಯ ಹತ್ತಿರ ತಂದು ನಿಲ್ಲಿಸಿದ್ದಾರಲ್ಲ, ಅದೇ. ನಾಲ್ಕು ಎಂಜಿನ್, ಒಂದೊಂದಕ್ಕೂ ಹಿಂದೆ ಮುಂದೆ ಎರಡು ಪ್ರೊಪೆಲ್ಲರ್, ಒಂದು ಆ ಕಡೆ ತಿರುಗಿದರೆ ಇನ್ನೊಂದು ಈ ಕಡೆ. ಸಂಜೆ ಅಂಗಡಿ ಮುಚ್ಚಿ ಬರುವಾಗ ಅದರ ರೆಕ್ಕೆ ನೋಡುತ್ತಾ ನಿಲ್ಲುತ್ತಿದ್ದೆ. ಇದನ್ನೆಲ್ಲ ಒಬ್ಬ ಮನುಷ್ಯ ಕೈಯಲ್ಲಿ ಹೇಗೆ ಹಿಡಿದಿಡುತ್ತಾನೆ ಎಂಬುದೇ ನನ್ನ ಪ್ರಶ್ನೆ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗ ರಜೆಗೆ ಬಂದವನು, "ಮಾವ, ಸುಮ್ನೆ ನೋಡ್ತಾ ನಿಲ್ಲೋದು ಯಾಕೆ? ಹಾರಿಸಿ ನೋಡು" ಅಂದ. ಅಂಗಡಿಯ ಕಂಪ್ಯೂಟರಿಗೇ ಡಿಸಿಎಸ್ ವರ್ಲ್ಡ್ ಹಾಕಿಕೊಟ್ಟ.

ಡಿಸಿಎಸ್ ಎಂದರೆ ಯುದ್ಧವಿಮಾನದ ಸಿಮ್ಯುಲೇಟರ್. ಅದರ ಜೊತೆ ಎರಡು ವಿಮಾನ ಪುಕ್ಕಟೆ ಸಿಗುತ್ತವೆ. ನಾನು ಹಿಡಿದದ್ದು ಸು-25ಟಿ, ನೆಲದ ಗುರಿಗಳ ಮೇಲೆ ದಾಳಿ ಮಾಡುವ ರಷ್ಯನ್ ವಿಮಾನ. ಹಾರಾಟದ ಜಾಗ ಕಪ್ಪು ಸಮುದ್ರದ ಅಂಚಿನ ಕಾಕಸಸ್. ಅಲ್ಲಿ ಬಟೂಮಿ ಎಂಬ ಊರಿದೆ. ಒಂದು ಕಡೆ ಕಡಲು, ಬೆನ್ನಿಗೇ ಗುಡ್ಡ, ನಡುವೆ ರನ್‌ವೇ. ನಮ್ಮ ಕಾರವಾರ ನೋಡಿದ ಹಾಗೇ ಆಯಿತು. ಅದಕ್ಕೇ ಇರಬೇಕು, ಮೊದಲ ದಿನದಿಂದ ಅದೇ ನನ್ನ ನಿಲ್ದಾಣ.

ಜಾಯ್‌ಸ್ಟಿಕ್ ಇರಲಿಲ್ಲ. ಎಲ್ಲ ಕೀಬೋರ್ಡಿನಲ್ಲೇ ಆಗಬೇಕು. ಕಂಟ್ರೋಲ್ಸ್ ಪುಟ ತೆಗೆದರೆ ಮುಗಿಯದ ಪಟ್ಟಿ. ಒಂದೇ ಹೋಮ್ ಕೀಗೆ ಮೂರು ಕೆಲಸ. ಬಲಗಡೆ ಶಿಫ್ಟ್ ಜೊತೆ ಒತ್ತಿದರೆ ಎರಡೂ ಎಂಜಿನ್ ಚಾಲೂ, ಬಲಗಡೆ ಆಲ್ಟ್ ಜೊತೆ ಎಡದ ಎಂಜಿನ್, ಬಲಗಡೆ ಕಂಟ್ರೋಲ್ ಜೊತೆ ಬಲದ್ದು. ಎಡಗಡೆ ಕಂಟ್ರೋಲ್ ಬೇರೆ, ಬಲಗಡೆ ಕಂಟ್ರೋಲ್ ಬೇರೆ ಎನ್ನುವುದೇ ನನಗೆ ಹೊಸದು. ಟೈಪಿಂಗ್‌ನಲ್ಲಿ ಎರಡೂ ಒಂದೇ ಅಲ್ವಾ? ನಾನು ಪಟ್ಟಿಯನ್ನು ಪ್ರಿಂಟ್ ಹಾಕಿ, ಗೋಡೆಗೆ ಅಂಟಿಸಿ, ಒಂದು ವಾರ ಬಾಯಿಪಾಠ ಮಾಡಿದೆ. ಪರೀಕ್ಷೆ ಇಟ್ಟರೆ ಪಾಸಾಗುತ್ತಿದ್ದೆ. ಆದರೆ ವಿಮಾನ ಓಡತೊಡಗಿದ ಕೂಡಲೇ ಒಂದೂ ಕೈಗೆ ಬರುತ್ತಿರಲಿಲ್ಲ. ಗೋಡೆ ನೋಡಿ ತಲೆ ತಿರುಗಿಸುವಷ್ಟರಲ್ಲಿ ವಿಮಾನ ಹುಲ್ಲಿನ ಮೇಲೆ.

ಆಗ ನಾನು ಟೈಪಿಂಗ್ ಕಲಿತದ್ದು ಹೇಗೆ ಎಂದು ಯೋಚಿಸಿದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ಚಾರ್ಟ್ ನೋಡಿ ಯಾರೂ ಕನ್ನಡ ಟೈಪಿಂಗ್ ಕಲಿಯುವುದಿಲ್ಲ. 'ಅಕ್ಕ' ಎಂದು ನೂರು ಸಲ ಹೊಡೆದಾಗ ಎ, ಕೆ, ಎಫ್, ಕೆ ತಾನಾಗಿ ಬೆರಳಿಗೆ ಬರುತ್ತದೆ. ನಡುವಿನ ಎಫ್ ಒತ್ತಕ್ಷರಕ್ಕೆ ಎಂದು ತಲೆ ಹೇಳಬೇಕಾಗಿಲ್ಲ. ಬೆರಳು ಕಲಿಯುವುದು ಅಕ್ಷರವನ್ನಲ್ಲ, ಪದವನ್ನು. ಹಾಗಾದರೆ ವಿಮಾನದ ಪದ ಯಾವುದು?

ಪಟ್ಟಿ ತೆಗೆದು ಬಿಸಾಕಿದೆ. ಮೊದಲ ಪದ: ಏಳುವುದು. ಎಫ್ ಒತ್ತಿ ಫ್ಲಾಪ್ (ರೆಕ್ಕೆಯ ಹಿಂದಿನ ಹಲಗೆ) ಇಳಿಸು, ಡಬ್ಲ್ಯೂ ಹಿಡಿದು ಗಾಲಿಯ ಬ್ರೇಕ್, ನಂಬರ್ ಪ್ಯಾಡಿನ ಪ್ಲಸ್ ಒತ್ತಿ ಎಂಜಿನ್ ಏರಿಸು, ಬ್ರೇಕ್ ಬಿಡು, ಝಡ್ ಮತ್ತು ಎಕ್ಸ್‌ನಲ್ಲಿ ನೇರ ಓಡಿಸು, 250 ಕಿ.ಮೀ. ವೇಗ ದಾಟಿದ ಮೇಲೆ ಕೆಳಗಿನ ಬಾಣ ಮೆಲ್ಲಗೆ ಒತ್ತು. ಹೌದು, ಮೂಗು ಮೇಲಕ್ಕೆ ಏಳಲು ಕೆಳಗಿನ ಬಾಣ. ಕೆಳಗಿನ ಬಾಣ ಅಂದರೆ ವಿಮಾನ ನಡೆಸುವ ಕೋಲನ್ನು ಹೊಟ್ಟೆಯ ಕಡೆ ಎಳೆದುಕೊಂಡ ಹಾಗೆ. ಎದ್ದ ಮೇಲೆ ಜಿ, ಗಾಲಿ ಒಳಗೆ. ಇಷ್ಟೇ. ಎದ್ದ ಕೂಡಲೇ ಆಟ ನಿಲ್ಲಿಸಿ ಮತ್ತೆ ಮೊದಲಿಂದ. ನಾಲ್ಕು ರಾತ್ರಿ ಇದನ್ನು ಬಿಟ್ಟು ಬೇರೇನೂ ಮಾಡಲಿಲ್ಲ.

ನುಡಿಯ ಅಕ್ಷರಗಳೂ ಕೈ ಹಿಡಿದವು. ಜಿ ಕೀಯಲ್ಲಿ ಗ ಬರುತ್ತದೆ, ಗ ಅಂದರೆ ಗಾಲಿ. ಬಿ ಅಂದರೆ ಬ, ಗಾಳಿಯ ಬ್ರೇಕು. ಪಿ ಅಂದರೆ ಪ, ಇಳಿದ ಮೇಲೆ ಹಿಂದಿನಿಂದ ಬಿಚ್ಚಿಕೊಳ್ಳುವ ಪ್ಯಾರಾಚೂಟು. ಡಬ್ಲ್ಯೂ ನುಡಿಯಲ್ಲಿ ಡ, ಅದಕ್ಕೆ ಹೊಂದುವ ಪದ ಸಿಗಲಿಲ್ಲ, ಅದೊಂದು ಕೈಗೆ ಕೂರಲು ತಡವಾಯಿತು.

ಹೀಗೆ ಕಲಿಯುವಾಗ ನನಗೆ ಅಡ್ಡ ಬಂದ ಕೆಲವು ವಿಷಯ ಹೇಳಿಬಿಡುತ್ತೇನೆ, ಬೇರೆಯವರಿಗೆ ಸಮಯ ಉಳಿಯಲಿ. ವಿಂಡೋಸ್‌ನಲ್ಲಿ ಶಿಫ್ಟ್ ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಪೆಟ್ಟಿಗೆ ಎದುರಿಗೆ ಬಂದು ನಿಲ್ಲುತ್ತದೆ. ಆಟಕ್ಕೆ ಕೂರುವ ಮೊದಲೇ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿ. ಎರಡು ಭಾಷೆ ಹಾಕಿಕೊಂಡ ಕಂಪ್ಯೂಟರಾದರೆ ಆಲ್ಟ್ ಮತ್ತು ಶಿಫ್ಟ್ ಸೇರಿದಾಗ ಭಾಷೆಯೇ ಬದಲಾಗಬಹುದು, ಅದನ್ನೂ ತೆಗೆಯಿರಿ. ನಾನು ನುಡಿಯನ್ನು ಪೂರ್ತಿ ಮುಚ್ಚಿಯೇ ಆಟ ತೆರೆಯುತ್ತೇನೆ. ಲ್ಯಾಪ್‌ಟಾಪ್ ಕೀಬೋರ್ಡ್ ಬೇಡ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬಲಗಡೆ ಕಂಟ್ರೋಲ್ ಇರುವುದೇ ಇಲ್ಲ, ನಂಬರ್ ಪ್ಯಾಡೂ ಇಲ್ಲ.

ಇನ್ನೊಂದು, ಅಗ್ಗದ ಕೀಬೋರ್ಡ್‌ಗಳು ಒಟ್ಟಿಗೆ ಮೂರು ಕೀ ಒತ್ತಿದರೆ ಕೆಲವು ಸಲ ಒಂದನ್ನು ನುಂಗುತ್ತವೆ. ಇದನ್ನು ಪರೀಕ್ಷಿಸಲು ಆಟದಲ್ಲಿ ಬಲಗಡೆ ಕಂಟ್ರೋಲ್ ಮತ್ತು ಎಂಟರ್ ಒತ್ತಿ, ಪರದೆಯ ಮೂಲೆಯಲ್ಲಿ ಕೆಂಪು ಗೆರೆಯ ಚೌಕವೊಂದು ಬರುತ್ತದೆ. ಕೋಲು ಎಲ್ಲಿದೆ ಎಂದು ಅದು ತೋರಿಸುತ್ತದೆ. ಕೆಳಗಿನ ಬಾಣ, ಎಡದ ಬಾಣ ಹಿಡಿದುಕೊಂಡೇ ಆಯುಧ ಹಾರಿಸುವ ಸ್ಪೇಸ್ ಒತ್ತಿ ನೋಡಿ. ಗುರುತು ಸರಿಯದಿದ್ದರೆ ಅಥವಾ ಸ್ಪೇಸ್ ಕೆಲಸ ಮಾಡದಿದ್ದರೆ ತಪ್ಪು ನಿಮ್ಮದಲ್ಲ, ಕೀಬೋರ್ಡಿನದು. ನನ್ನ ಅಂಗಡಿಯ ಎರಡು ಕೀಬೋರ್ಡಿನಲ್ಲಿ ಒಂದು ಇಲ್ಲಿಯೇ ಸೋತಿತು.

ಎಫ್ ಮತ್ತು ಜೆ ಮೇಲೆ ಸಣ್ಣ ಉಬ್ಬು ಇರುತ್ತದಲ್ಲ, ಬೆರಳು ಮನೆ ಹುಡುಕಿಕೊಳ್ಳುವುದು ಅದರಿಂದಲೇ. ಅದನ್ನೇ ನೋಡಿ ಬಲಗಡೆ ಕಂಟ್ರೋಲ್ ಮತ್ತು ಹೋಮ್ ಮೇಲೆ ಒಂದೊಂದು ಹನಿ ಫೆವಿಕಾಲ್ ಇಟ್ಟು ಒಣಗಿಸಿದೆ. ರಾತ್ರಿ ದೀಪ ಆರಿಸಿ ಕೂತರೂ ಕೈ ತಪ್ಪುವುದಿಲ್ಲ.

ಈಗ ಟ್ರಿಮ್, ಅಂದರೆ ವಿಮಾನದ ಸಮತೋಲ ಹೊಂದಿಸುವ ವಿಷಯ. ಕೀಬೋರ್ಡಿನಲ್ಲಿ ಹಾರಿಸುವವರಿಗೆ ಇದಕ್ಕಿಂತ ದೊಡ್ಡ ವಿಷಯ ಇಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಜಾಯ್‌ಸ್ಟಿಕ್ಕನ್ನು ಅರ್ಧ ಎಳೆದು ಹಿಡಿಯಬಹುದು. ಬಾಣದ ಕೀಯನ್ನು ಅರ್ಧ ಒತ್ತಲು ಬರುವುದಿಲ್ಲ, ಒತ್ತಿದರೆ ಒತ್ತಿತು, ಬಿಟ್ಟರೆ ಬಿಟ್ಟಿತು. ಫ್ಲಾಪ್ ಇಳಿಸಿದೊಡನೆ, ವೇಗ ಬದಲಾದೊಡನೆ ವಿಮಾನದ ಮೂಗು ತನ್ನಷ್ಟಕ್ಕೆ ಏಳುತ್ತದೆ ಇಲ್ಲವೇ ಬೀಳುತ್ತದೆ. ಅದನ್ನು ಬಾಣದಿಂದ ಸರಿ ಮಾಡಲು ಹೋದರೆ ಮೇಲೆ, ಕೆಳಗೆ, ಮೇಲೆ, ಕೆಳಗೆ, ಅಲೆಯ ಮೇಲಿನ ಪಾತಿ ದೋಣಿಯ ಹಾಗೆ. ಮೂರು ವಾರ ನಾನು ಹಾಗೇ ಹಾರಿಸಿದೆ. ಬೆರಳು ನೋವು ಬಂತು.

ಒಂದು ಬೆಳಿಗ್ಗೆ ಬೈತಖೋಲ್ ಬಂದರಿನಲ್ಲಿ ಮೀನು ತರಲು ನಿಂತಿದ್ದೆ. ಒಂದು ಸಣ್ಣ ದೋಣಿ ಬಲೆಯ ಭಾರಕ್ಕೆ ಎಡಕ್ಕೆ ವಾಲಿತ್ತು. ದೋಣಿಯವನು ಹುಟ್ಟು ಹಾಕಿ ಅದನ್ನು ಸರಿ ಮಾಡಲು ಹೋಗಲಿಲ್ಲ. ಬಲೆಯನ್ನೇ ಎರಡು ಮೊಳ ಈಚೆ ಎಳೆದ. ದೋಣಿ ನೆಟ್ಟಗಾಯಿತು. ಟ್ರಿಮ್ ಅಂದರೆ ಅದೇ. ಬಲಗಡೆ ಕಂಟ್ರೋಲ್ ಹಿಡಿದು ಫುಲ್‌ಸ್ಟಾಪ್ ಒತ್ತಿದರೆ ಮೂಗು ಚೂರು ಮೇಲೆ, ಸೆಮಿಕೋಲನ್ ಒತ್ತಿದರೆ ಚೂರು ಕೆಳಗೆ. ಕಾಮಾ ಎಡ ರೆಕ್ಕೆಗೆ, ಪಕ್ಕದ ಓರೆಗೆರೆ ಬಲ ರೆಕ್ಕೆಗೆ. ಪುಟ್ಟ ಪುಟ್ಟ ತಟ್ಟು, ಒಂದು ತಟ್ಟಿ ಎರಡು ಸೆಕೆಂಡ್ ಕಾಯಬೇಕು. ಎರಡೂ ಕೈ ತೆಗೆದರೂ ವಿಮಾನ ನೇರ ಹೋಗಬೇಕು, ಅಲ್ಲಿವರೆಗೆ ತಟ್ಟಬೇಕು. ಆ ರಾತ್ರಿ ಬಟೂಮಿಯ ಕಡಲ ಮೇಲೆ ನಾನು ಕೀಬೋರ್ಡ್ ಬಿಟ್ಟು ಕೈ ಕಟ್ಟಿ ಕೂತೆ. ವಿಮಾನ ತಾನೇ ಹೋಗುತ್ತಿತ್ತು. ಕಣ್ಣಲ್ಲಿ ನೀರು ಬಂತು, ನಿಜ.

ಆಮೇಲೆ ಇಳಿಯುವ ಪದ ಸುಲಭವಾಯಿತು. ಸಮುದ್ರದ ಕಡೆಯಿಂದ ಬರುತ್ತೇನೆ. ಬ ಒತ್ತಿ ವೇಗ ತಗ್ಗಿಸು, ಮತ್ತೆ ಬ. ಎಫ್, ಕೂಡಲೇ ಟ್ರಿಮ್ ಎರಡು ತಟ್ಟು. ಗ, ಮತ್ತೆ ಟ್ರಿಮ್. 280ರ ಹತ್ತಿರ ವೇಗ ನಿಲ್ಲಬೇಕು. ಇಲ್ಲಿಂದ ಬಲಗೈ ನಂಬರ್ ಪ್ಯಾಡಿನ ಪ್ಲಸ್ ಮೈನಸ್ ಮೇಲೆ, ಎತ್ತರವನ್ನು ಎಂಜಿನ್‌ನಿಂದ ಹಿಡಿಯುವುದು, ಬಾಣ ಮುಟ್ಟುವುದು ಕೊನೆಯ ಕ್ಷಣಕ್ಕೆ ಮಾತ್ರ. ಗಾಲಿ ನೆಲಕ್ಕೆ ತಾಗಿದ ಮೇಲೆ ಪ, ಆಮೇಲೆ ಡಬ್ಲ್ಯೂ. ಕೀಗಳ ಹೆಸರು ತಲೆಗೆ ಬರುವುದೇ ಇಲ್ಲ ಈಗ. 'ಕಾರವಾರ' ಎಂದು ಟೈಪ್ ಮಾಡಿದ ಹಾಗೆ.

ಗುಂಡು, ಕ್ಷಿಪಣಿ ನಾನು ಕೊನೆಗೆ ಕಲಿತೆ, ಹಾಗೇ ಕಲಿಯಬೇಕು ಎಂದೇ ನನ್ನ ಅಭಿಪ್ರಾಯ. ಹಾರಾಟ ಕೈಗೆ ಬಂದವರಿಗೆ ಅದು ಇನ್ನೊಂದು ಪದ ಅಷ್ಟೇ. 7 ಒತ್ತಿದರೆ ನೆಲದ ಗುರಿಯ ವ್ಯವಸ್ಥೆ, ಓ ಒತ್ತಿದರೆ ಮೂಗಿನ ಟಿವಿ ಕ್ಯಾಮೆರಾ, ಬಲಗಡೆ ಶಿಫ್ಟ್ ಮತ್ತು ಓ ಲೇಸರ್. ಎಂಟರ್ ಗುರಿ ಹಿಡಿಯಲು, ಡಿ ಆಯುಧ ಬದಲಿಸಲು. ಎದುರಿನ ಗಾಜಿನಲ್ಲಿ ರಷ್ಯನ್ ಲಿಪಿಯ ಎರಡಕ್ಷರದ ಗುರುತು ಬಂದಾಗ ಸ್ಪೇಸ್. ಲೇಸರ್ ಬಿಸಿಯಾಗುತ್ತದೆ, ಕೆಲಸ ಮುಗಿದ ಕೂಡಲೇ ಆಫ್ ಮಾಡಿ. ಶತ್ರುವಿನ ಕ್ಷಿಪಣಿ ಬಂದರೆ ಅದನ್ನು ದಾರಿ ತಪ್ಪಿಸಲು ಕ್ಯೂ ಕೀ.

ಚೌತಿಗೆ ಬಂದಾಗ ಅಳಿಯ ಒಂದು ಜಾಯ್‌ಸ್ಟಿಕ್ ತಂದುಕೊಟ್ಟ. "ಇನ್ನು ಕೀಬೋರ್ಡ್ ಬೇಡ ಮಾವ" ಅಂದ. ಮೋದಕ ತಿಂದು ಕೂತು ಇಬ್ಬರೂ ಸೇರಿ ಹೊಂದಿಸಿದೆವು. ಕೋಲಿನ ತುದಿಯ ಪುಟ್ಟ ಗುಂಡಿಗೆ ನಾಲ್ಕೂ ದಿಕ್ಕಿನ ಟ್ರಿಮ್ ಕೊಟ್ಟೆ, ಟ್ರಿಗರ್‌ಗೆ ಗುಂಡು. ಗಾಲಿ, ಫ್ಲಾಪ್, ಪ್ಯಾರಾಚೂಟನ್ನೂ ಜಾಯ್‌ಸ್ಟಿಕ್ಕಿಗೆ ಹಾಕಲು ಅವನು ಹೊರಟಾಗ ತಡೆದೆ. ಬಲಗೈ ಕೋಲಿನ ಮೇಲೆ ಇರಲಿ. ಎಡಗೈಗೆ ಗ ಎಲ್ಲಿದೆ ಎಂದು ಹದಿನೆಂಟು ವರ್ಷದಿಂದ ಗೊತ್ತು.