ಮೂರೇ ರೌಂಡ್‌ನಲ್ಲಿ ಸತ್ತ ವಿಲನ್‌ಗೆ ನೂರು ವರ್ಷದ ಹೆಸರು ಕಟ್ಟುವುದು ಹೇಗೆ

ಎರಡನೇ ಸೆಷನ್‌ನಲ್ಲಿ ಬಂದು, ಮೂರು ರೌಂಡ್ ಕಾದಾಡಿ ಸತ್ತು, ಆಮೇಲೆ ಯಾರ ಬಾಯಲ್ಲೂ ಬಾರದ ವಿಲನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ, ಟೇಬಲ್ ಸುತ್ತ ಕೂತು ಕಥೆ ಕಟ್ಟುತ್ತ ಆಡುವ ಆಟ ನಡೆಸುವ ಪ್ರತಿ ಡಂಜನ್ ಮಾಸ್ಟರ್‌ನ (ಡಿಎಂ) ನೋಟ್‌ಬುಕ್ಕಿನಲ್ಲೂ ಒಬ್ಬನಾದರೂ ಇರುತ್ತಾನೆ. ಅವನನ್ನು ಮತ್ತೆ ಬಳಸಬೇಕು ಅನ್ನಿಸಿದಾಗ ಹೆಚ್ಚಿನವರು ಅವನನ್ನು ಬದುಕಿಸಿ ತರುತ್ತಾರೆ, ಇಲ್ಲವೇ ನಾಲ್ಕು ಪುಟ ಹಿನ್ನೆಲೆ ಬರೆಯುತ್ತಾರೆ. ಎರಡೂ ಬಾಳುವುದಿಲ್ಲ. ಅವನ ದೆಸೆಯಿಂದ ಊರ ಮಂದಿ ಇವತ್ತಿಗೂ ಏನು ಮಾಡುತ್ತಾರೆ, ಏನು ಮಾಡಲು ಅಂಜುತ್ತಾರೆ ಅನ್ನುವುದರಲ್ಲಿ ಖಳ ಉಳಿಯುತ್ತಾನೆ. ಕಟ್ಟಬೇಕಾದದ್ದು ಅದನ್ನು.

ಬಾದಾಮಿಯನ್ನೇ ತಗೊಳ್ಳಿ. ಪುರಾಣದಲ್ಲಿ ವಾತಾಪಿ ಎಂಬ ಅಸುರನಿಗೆ ಸಿಕ್ಕ ಜಾಗ ಎಷ್ಟು? ಅಣ್ಣ ಇಲ್ವಲ ಅವನನ್ನು ಆಡು ಮಾಡಿ, ಅಡುಗೆ ಮಾಡಿ, ಅತಿಥಿಗಳಿಗೆ ಬಡಿಸುತ್ತಾನೆ. ಕರೆದಾಗ ವಾತಾಪಿ ಉಂಡವರ ಹೊಟ್ಟೆ ಸೀಳಿ ಹೊರಗೆ ಬರುತ್ತಾನೆ. ಅಗಸ್ತ್ಯರು ಉಂಡು ಅರಗಿಸಿಕೊಂಡಾಗ ಅವನ ಕಥೆ ಮುಗಿಯಿತು. ಒಂದು ಸಂಜೆಯ ಆಟಕ್ಕೂ ಸಾಲದು. ಆದರೂ ಚಾಲುಕ್ಯರ ರಾಜಧಾನಿಯ ಹೆಸರು ವಾತಾಪಿ. ಗುಹೆಗಳ ಕೆಳಗಿರುವ ಹೊಂಡ ಅಗಸ್ತ್ಯ ತೀರ್ಥ. ಕೂಸಿಗೆ ಉಣಿಸಿ ಹೊಟ್ಟೆ ಸವರುವಾಗ ‘ಜೀರ್ಣ ಜೀರ್ಣ ವಾತಾಪಿ ಜೀರ್ಣ’ ಅನ್ನುವ ಮನೆಗಳು ಇನ್ನೂ ಇವೆ. ಒಂದು ಊರು, ಒಂದು ಹೊಂಡ, ಮನೆಯೊಳಗಿನ ಒಂದು ರೂಢಿ. ಅವನ ಬಾಲ್ಯ ಹೇಗಿತ್ತು, ಯಾಕೆ ಕೆಟ್ಟವನಾದ ಎಂದು ಇವುಗಳಲ್ಲಿ ಯಾವುದೂ ಹೇಳುವುದಿಲ್ಲ, ಹೇಳುವ ಗರಜೂ ಬಿದ್ದಿಲ್ಲ.

ಗೇಮ್ ಜಗತ್ತಿನಲ್ಲೂ ಹೀಗೇ ಆಗಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ 1976ರಲ್ಲಿ ವೆಕ್ನಾ ಎಂಬ ಖಳ ಬಂದಾಗ ಎದುರಾಳಿಯಾಗಿ ಬರಲಿಲ್ಲ. ಬಂದದ್ದು ಅವನ ಒಂದು ಕೈ, ಒಂದು ಕಣ್ಣು. ಅವುಗಳ ಶಕ್ತಿ ಬೇಕೆಂದವನು ತನ್ನ ಕೈ ಕಡಿದುಕೊಂಡು, ತನ್ನ ಕಣ್ಣು ಕಿತ್ತುಕೊಂಡು ಅವನ್ನು ಕೂಡಿಸಿಕೊಳ್ಳಬೇಕು. ಅವನೇ ಮುಖಾಮುಖಿ ನಿಲ್ಲುವ ಸಾಹಸಕಥೆ ಅಚ್ಚಾದದ್ದು 1990ರಲ್ಲಿ. ನಡುವಿನ ಅಷ್ಟು ವರ್ಷ ಅವನ ಹೆಸರನ್ನು ಹೊತ್ತು ತಂದದ್ದು ಆ ಎರಡು ವಸ್ತುಗಳು.

ಹಳೆಯ ನೋಟ್ಸ್ ತೆಗೆಯಿರಿ

ಒಂದು ಹಾಳೆಯ ನಡುವೆ ಗೀಟು ಹಾಕಿ. ಆಟಗಾರರು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಎಡಕ್ಕೆ. ನೀವು ಮನಸ್ಸಿನಲ್ಲಿ ಇಟ್ಟುಕೊಂಡು ಹೇಳದೇ ಉಳಿದದ್ದು ಬಲಕ್ಕೆ. ಎಡಗಡೆಯ ಒಂದು ಅಕ್ಷರವನ್ನೂ ಬದಲಿಸಬೇಡಿ. ಅದರ ಅರ್ಥ ಬದಲಾಗಬಹುದು, ಘಟನೆ ಬದಲಾಗಬಾರದು. ‘ನೀವು ಕೊಂದದ್ದು ಅವನ ನೆರಳನ್ನು’ ಎಂದರೆ ಅವತ್ತು ಡೈಸ್ ಉರುಳಿಸಿದವರ ಗೆಲುವನ್ನು ನೀವೇ ಕಿತ್ತುಕೊಂಡಂತೆ, ಅವರು ಮುಂದೆ ಯಾವ ಗೆಲುವನ್ನೂ ನಂಬುವುದಿಲ್ಲ. ಬಲಗಡೆಯದು ಪೂರ್ತಿ ನಿಮ್ಮದು. ಅದರಲ್ಲಿ ಮುಕ್ಕಾಲು ಪಾಲು ಹೊಡೆದುಹಾಕಿದರೂ ನಷ್ಟವಿಲ್ಲ.

ಉದಾಹರಣೆಗೆ ಉದ್ದಂಡ ಅನ್ನುವ ಒಬ್ಬನನ್ನು ಕಟ್ಟೋಣ. ಎಡಗಡೆ ಇರುವುದು ಇಷ್ಟೇ: ಕೋಟೆಯ ನೀರು ಕಾಯುವ ಅಧಿಕಾರಿ. ಸೊಂಟದಲ್ಲಿ ಕೀಲಿ ಗೊಂಚಲು. 3ನೇ ಲೆವೆಲ್‌ನ ತಂಡ ಅವನನ್ನು ನೀರಿನ ಗೋಪುರದ ಮೆಟ್ಟಿಲ ಮೇಲೆ ಕೊಂದಿದೆ. ಕೋಟೆಗೆ ಮಾದರಿ ವಿಜಯಪುರ. ತೊರವಿ ಕಡೆಯಿಂದಲೂ ಬೇಗಂ ತಲಾಬ್‌ನಿಂದಲೂ ನೆಲದಡಿಯಲ್ಲಿ ನೀರು ತಂದು, ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರ ಕಟ್ಟಿ, ಒತ್ತಡ ತಗ್ಗಿಸಿ ಹಂಚಿದ ಆದಿಲ್‌ಶಾಹಿ ವ್ಯವಸ್ಥೆ ಯಾವ ಡಿಎಂಗಾದರೂ ಸಿದ್ಧ ನಕ್ಷೆ ಇದ್ದಂತೆ. ನೀರನ್ನು ಹಿಡಿದವನು ಊರನ್ನೇ ಹಿಡಿದ ಅನ್ನುವುದು ಈ ಸೀಮೆಯ ಆಟಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಅವನು ಮಾಡಿದ ಒಂದೇ ಒಂದು ಕೃತ್ಯವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಜಾಗ, ವಸ್ತು, ಎಣಿಕೆ ಮೂರೂ ಅದರಲ್ಲಿ ಬರಬೇಕು. ‘ಕ್ರೂರಿಯಾಗಿದ್ದ’ ಎಂದು ಬರೆದರೆ ಅದರಿಂದ ಏನೂ ಹುಟ್ಟುವುದಿಲ್ಲ. ‘ಬರಗಾಲದ ವರ್ಷ ಏಳು ಗೋಪುರಗಳಲ್ಲಿ ಆರಕ್ಕೆ ಬೀಗ ಜಡಿದು, ಏಳನೆಯದರ ನೀರನ್ನು ಕೊಡಕ್ಕಿಷ್ಟು ಎಂದು ಮಾರಿದ’ ಎಂದು ಬರೆದರೆ ಬೀಗ, ಕೊಡ, ಏಳನೇ ಗೋಪುರ, ಕೊಂಡುಕೊಂಡವರು, ಕೊಳ್ಳಲಾಗದೆ ಊರು ಬಿಟ್ಟವರು ಎಲ್ಲರೂ ಬಂದರು. ಎರಡನೇ ಕೃತ್ಯ ಸೇರಿಸುವ ಆಸೆಯಾಗುತ್ತದೆ. ಸೇರಿಸಬೇಡಿ, ಜನ ಒಬ್ಬನನ್ನು ಒಂದೇ ಕಾರಣಕ್ಕೆ ನೆನಪಿಡುತ್ತಾರೆ.

ನಡುವೆ ಎಷ್ಟು ವರ್ಷ?

ಖಳ ಸತ್ತ ಕಾಲಕ್ಕೂ ಹೊಸ ಆಟ ನಡೆಯುವ ಕಾಲಕ್ಕೂ ನಡುವೆ ಮೂವತ್ತು ವರ್ಷವಾದರೆ ಕಂಡವರು ಬದುಕಿರುತ್ತಾರೆ, ಆಟಗಾರರು ನೇರ ಹೋಗಿ ಕೇಳಿ ಸತ್ಯ ತಿಳಿದುಬಿಡುತ್ತಾರೆ. ಮುನ್ನೂರು ವರ್ಷವಾದರೆ ಹೆಸರು ಬಿಟ್ಟು ಬೇರೇನೂ ಉಳಿಯದು. ತೊಂಬತ್ತರಿಂದ ನೂರು ವರ್ಷ ಒಳ್ಳೆಯ ಹದ. ಕಂಡವರು ಯಾರೂ ಇಲ್ಲ, ಆದರೆ ಕಂಡವರ ಬಾಯಿಂದ ಕೇಳಿದ ಮುದುಕಿಯರು ಇದ್ದಾರೆ. ಹಳೆಯ ತಂಡದಲ್ಲಿ ನೂರಾರು ವರ್ಷ ಬಾಳುವ ಎಲ್ಫ್ ಅಥವಾ ಡ್ವಾರ್ಫ್ ಇದ್ದರೆ ಅವರು ಇನ್ನೂ ಬದುಕಿದ್ದಾರೆಂಬುದನ್ನು ಮರೆಯಬೇಡಿ. ಅವರನ್ನು ದೂರದ ಸೀಮೆಗೆ ಕಳಿಸಿ, ಇಲ್ಲವೇ ಅವರೇ ಸುಳ್ಳು ಹೇಳುವ ಕಾರಣ ಕೊಡಿ.

ಕುರುಹುಗಳು

ಜಾಗದ ಹೆಸರು ಸುಲಭ, ಬೇಗ ಮುಗಿಸಿ. ಕೊನೆಯ ಗೋಪುರವನ್ನು ಊರವರು ‘ಮಾರಿದ ಗಂಜ್’ ಅನ್ನುತ್ತಾರೆ, ಅಷ್ಟು ಸಾಕು. ಹೆಸರಿನಲ್ಲಿ ಖಳನ ಹೆಸರೇ ಇರಬೇಕೆಂದಿಲ್ಲ.

ಹೆಚ್ಚು ಹೊತ್ತು ಕೊಡಬೇಕಾದದ್ದು ರೂಢಿಗೆ. ಒಳ್ಳೆಯ ರೂಢಿ ದಿನಾ ನಡೆಯುತ್ತದೆ, ಕೈಯಿಂದ ಮಾಡುವಂಥದ್ದು, ಮಾಡುವವರಿಗೇ ಕಾರಣ ಅರ್ಧ ಮರೆತಿರುತ್ತದೆ. ತಂಡ ಬಾವಿಕಟ್ಟೆಗೆ ಬಂದಾಗ ನಡೆಯುವುದು ಇಷ್ಟೇ:

‘ಯಪ್ಪಾ, ಮೊದಲಿನ ಚರಗಿ ನೆಲಕ್ಕ ಸುರುವು. ಅದು ಉದ್ದಂಡನ ಪಾಲು.’
‘ಯಾರಬೇ ಉದ್ದಂಡ ಅಂದ್ರ?’
‘ನಮ್ಮವ್ವನೂ ಸುರುವತಿದ್ಲು, ನಾನೂ ಸುರುವತೀನಿ. ನೀ ಮೊದಲ ಸುರುವು.’

ಮುದುಕಿ ಇದಕ್ಕಿಂತ ಹೆಚ್ಚು ಹೇಳಕೂಡದು. ಡಿಎಂ ಬಾಯಿ ತಡೆಯಲಾರದೆ ಅವಳ ಬಾಯಿಂದಲೇ ಪೂರ್ತಿ ಇತಿಹಾಸ ಹೇಳಿಸಿದರೆ ಅಲ್ಲಿಗೆ ಕುರುಹು ಸತ್ತಿತು. ತಂಡದಲ್ಲಿ ಒಬ್ಬರು ಸುರಿಯುತ್ತಾರೆ, ಒಬ್ಬರು ಸುರಿಯುವುದಿಲ್ಲ. ಯಾರು ಏನು ಮಾಡಿದರೆಂದು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು, ಹೆಚ್ಚಿನವರು ಬಿಟ್ಟುಬಿಡುವುದು: ಅವನ ಕೃತ್ಯದಿಂದ ಇಂದಿಗೂ ಉಣ್ಣುತ್ತಿರುವವರು ಯಾರು? ಉದ್ದಂಡನ ಕೀಲಿ ಗೊಂಚಲು ಆಮೇಲೆ ಕೋಟೆಯ ಒಂದು ಮನೆತನದ ಕೈಸೇರಿತು. ಅವರು ಆರು ಬೀಗ ತೆಗೆದರು, ಆದರೆ ಕೊಡಕ್ಕೆ ಒಂದು ಹಿಡಿ ಜೋಳ ವಸೂಲಿ ಮಾಡುವ ಹಕ್ಕು ಉಳಿಸಿಕೊಂಡರು. ಇವತ್ತಿನ ಮನೆತನದವರು ಕೆಟ್ಟವರಲ್ಲ, ಬಾವಿಯ ಹೂಳು ತೆಗೆಸುವುದೂ ಅವರೇ. ಇಂಥ ಫಲಾನುಭವಿ ಇಲ್ಲದ ಪರಂಪರೆ ಬರೀ ಮ್ಯೂಸಿಯಂ. ಆಟಗಾರರು ನೋಡಿ ಮುಂದೆ ಹೋಗುತ್ತಾರೆ, ಏಕೆಂದರೆ ಅಲ್ಲಿ ತೀರ್ಮಾನ ಮಾಡುವಂಥದ್ದೇನೂ ಇಲ್ಲ.

ಲಿಖಿತ ದಾಖಲೆ ಒಂದು ಸಾಕು. ನಮ್ಮ ಶಾಸನಗಳ ಕೊನೆಯ ಶಾಪವಾಕ್ಯ ಇದಕ್ಕೆ ಬಹಳ ಒದಗುತ್ತದೆ. ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ (ಹಸು) ಕೊಂದ ಪಾಪ ಎಂಬ ಧಾಟಿ. ಗೋಪುರದ ಬುಡದ ಕಲ್ಲಿನಲ್ಲಿ ದಾನಿಯ ಹೆಸರನ್ನು ಉಳಿಯಿಂದ ಕೆತ್ತಿ ತೆಗೆದಿದ್ದಾರೆ, ಶಾಪ ಮಾತ್ರ ಹಾಗೇ ಇದೆ. ಕೈಗೆ ಕೊಡುವ ಹಾಳೆಯಲ್ಲಿ ಐವತ್ತು ಪದ ಮೀರಬೇಡಿ. ನೂರು ದಾಟಿದರೆ ಟೇಬಲ್‌ನಲ್ಲಿ ಒಬ್ಬರು ಓದುತ್ತಾರೆ, ಉಳಿದವರು ಮೊಬೈಲ್ ತೆಗೆಯುತ್ತಾರೆ.

ಮೂರು ಬಾಯಿ, ಮೂರು ಕಥೆ

ಒಂದೇ ಕಥೆಯನ್ನು ಮೂರು ಕಡೆ ಹೇಳಿಸಿದರೆ ಅದು ಪಾಠ ಒಪ್ಪಿಸಿದಂತಾಗುತ್ತದೆ. ಮೂರೂ ಪೂರ್ತಿ ಬೇರೆಯಾದರೆ ಆಟಗಾರರು ಕೈಚೆಲ್ಲುತ್ತಾರೆ. ಎಣಿಕೆ ಮೂರರಲ್ಲೂ ಒಂದೇ ಇರಲಿ: ಆರು ಬೀಗ, ಒಂದು ತೆರೆದ ಗೋಪುರ. ಕಾರಣ ಮಾತ್ರ ಬೇರೆ ಬೇರೆ. ಮನೆತನದವರ ಪ್ರಕಾರ ದುಡ್ಡಿನ ಆಸೆಗೆ ಮಾಡಿದ. ಊರು ಬಿಟ್ಟು ಹೋದವರ ಮೊಮ್ಮಕ್ಕಳ ಪ್ರಕಾರ, ತಮ್ಮನ್ನು ಓಡಿಸಲೆಂದೇ ಮಾಡಿಸಿದ್ದು, ಮಾಡಿಸಿದವರು ಅದೇ ಮನೆತನದವರು. ಕಲ್ಲು ಒಡೆಯುವವರ ಹಾಡಿನ ಪ್ರಕಾರ ಆರು ಗೋಪುರದ ನೀರಿನಲ್ಲಿ ಏನೋ ಸೇರಿತ್ತು, ಅವನು ಬೀಗ ಹಾಕಿದ್ದು ಜನರನ್ನು ಉಳಿಸಲು, ಮಾರಿದ್ದು ಮಾತ್ರ ದುರಾಸೆ. ಒಬ್ಬೊಬ್ಬರಿಗೂ ಹಾಗೆ ಹೇಳುವುದರಿಂದ ಏನು ಲಾಭ ಎಂಬುದನ್ನು ಪಕ್ಕದಲ್ಲಿ ಬರೆಯಿರಿ.

ಗೆದ್ದವನ ಮಾತು ಸೋತವನ ಊರಿನಲ್ಲೇ ಕೆತ್ತಿರಬಹುದು ಅನ್ನುವುದಕ್ಕೆ ಬಾದಾಮಿಯೇ ಸಾಕ್ಷಿ. 642ರ ಸುಮಾರಿಗೆ ಊರನ್ನು ಹಿಡಿದ ಪಲ್ಲವ ನರಸಿಂಹವರ್ಮನ ಶಾಸನ ಅಲ್ಲಿನ ಬಂಡೆಯ ಮೇಲೇ ಇದೆ, ‘ವಾತಾಪಿಕೊಂಡ’ ಎಂಬ ಬಿರುದು ಅವನಿಗೆ ಬಂದದ್ದು ಆ ಗೆಲುವಿನಿಂದ. ನಿಮ್ಮ ಕೋಟೆಯಲ್ಲೂ ಒಂದು ಆವೃತ್ತಿ ಹೊರಗಿನವರದ್ದಾಗಿರಲಿ.

ನಿಜವಾಗಿ ಏನಾಯಿತೆಂಬುದು ಡಿಎಂಗೆ ಮೊದಲ ದಿನದಿಂದಲೇ ಗೊತ್ತಿರಬೇಕು. ಮೂರು ವಾಕ್ಯದಲ್ಲಿ ಬರೆದು ತೆಗೆದಿಡಿ. ಆಟ ನಡೆದಂತೆ ನೋಡಿಕೊಳ್ಳೋಣ ಎಂದು ಬಿಟ್ಟರೆ ನಾಲ್ಕನೇ ಸೆಷನ್ ಹೊತ್ತಿಗೆ ಸುಳಿವುಗಳು ಒಂದನ್ನೊಂದು ಕಡಿಯುತ್ತವೆ.

ಬೆಲೆ ತೆರಿಸುವ ವಸ್ತು

ಲೋರ್, ಅಂದರೆ ಆಟದ ಲೋಕದ ಹಿಂದಿನ ಕಥೆ, ಬರೀ ಮಾತಾಗಿ ಉಳಿಯಬಾರದು, ಪಾತ್ರದ ಬಲಾಬಲ ಬರೆದಿಡುವ ಕ್ಯಾರೆಕ್ಟರ್ ಶೀಟ್ ಮೇಲೂ ಬೀಳಬೇಕು. ಉದ್ದಂಡನ ಗೊಂಚಲಿನ ಒಂದು ಕೀಲಿ ಇಲ್ಲಿ ಬರುತ್ತದೆ. ಬಾವಿ, ತೊಟ್ಟಿ, ತೂಬು, ಹೀಗೆ ನೀರಿಗೆ ಸಂಬಂಧಿಸಿದ ಯಾವ ಬೀಗವನ್ನಾದರೂ ಡೈಸ್ ಇಲ್ಲದೆ ತೆರೆಯುತ್ತದೆ. ತೆರೆದವರಿಗೆ ಮುಂದಿನ ಲಾಂಗ್ ರೆಸ್ಟ್ (ಪಾತ್ರಗಳ ಪೂರ್ತಿ ರಾತ್ರಿಯ ವಿಶ್ರಾಂತಿ) ತನಕ ದಿನಕ್ಕೆ ಬೇಕಾದ ನೀರು ಇಮ್ಮಡಿ. ಅದೇ ದಿನ ಎರಡನೇ ಸಲ ತೆರೆದರೆ ಡಿಸಿ 13ರ ಕಾನ್‌ಸ್ಟಿಟ್ಯೂಷನ್ ಸೇವ್ (ಮೈಯ ತಾಳಿಕೆಗೆ ಡೈಸ್ ಉರುಳಿಸಿ 13 ಮುಟ್ಟಬೇಕು), ಸೋತರೆ ಒಂದು ಹಂತ ಎಕ್ಸಾಷನ್, ಅಂದರೆ ದಣಿವು.

ಬೆಲೆಯನ್ನು ಹಿಟ್ ಪಾಯಿಂಟ್‌ನಲ್ಲಿ (ಪಾತ್ರದ ಜೀವಬಲದ ಅಂಕ) ಇಡದೆ ಎಕ್ಸಾಷನ್‌ನಲ್ಲಿ ಇಟ್ಟದ್ದಕ್ಕೆ ಕಾರಣವಿದೆ. ಹಿಟ್ ಪಾಯಿಂಟ್ ಹೋದರೆ ತಂಡದ ಪೂಜಾರಿ, ಅಂದರೆ ಕ್ಲೆರಿಕ್, ಒಂದು ಮಂತ್ರದಲ್ಲಿ ತುಂಬುತ್ತಾನೆ, ಯಾರಿಗೂ ನೆನಪಿರುವುದಿಲ್ಲ. ಎಕ್ಸಾಷನ್ ಒಂದು ಲಾಂಗ್ ರೆಸ್ಟ್‌ಗೆ ಒಂದೇ ಹಂತ ಇಳಿಯುತ್ತದೆ, ಆರನೇ ಹಂತ ಸಾವು. 2014ರ ನಿಯಮದಲ್ಲಿ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರು ಬೇಕು, ಬಿಸಿಲಿನಲ್ಲಿ ಎರಡು. ಕೀಲಿ ಹಿಡಿದವನಿಗೆ ಬೇಸಿಗೆಯಲ್ಲಿ ನಾಲ್ಕು. ಒಬ್ಬನಿಗೇ 15 ಲೀಟರ್ ಹೊತ್ತು ನಡೆಯುವ ತಂಡಕ್ಕೆ ಉದ್ದಂಡ ಯಾರೆಂಬುದು ತಾನಾಗಿ ತಿಳಿಯುತ್ತದೆ.

ಇಲ್ಲೊಂದು ತೂತು ಇದೆ. ನೀರು ಸೃಷ್ಟಿಸುವ ಮೊದಲ ಹಂತದ ಮಂತ್ರ ಒಂದೇ ಸಲಕ್ಕೆ ಹತ್ತು ಗ್ಯಾಲನ್ ಕೊಡುತ್ತದೆ. ಕ್ಲೆರಿಕ್ ಅಥವಾ ಪ್ರಕೃತಿಯ ಮಂತ್ರ ಬಲ್ಲ ಡ್ರೂಯಿಡ್ ತಂಡದಲ್ಲಿದ್ದರೆ ನಿಮ್ಮ ಬಾಯಾರಿಕೆ ಅಲ್ಲಿಗೆ ಮುಗಿಯಿತು. ಮಂತ್ರವನ್ನು ನಿಷೇಧಿಸಬೇಡಿ. ಕೀಲಿ ತಂದ ಬಾಯಾರಿಕೆ ಇನ್ನೊಬ್ಬರು ತಮ್ಮ ಕೈಯಾರೆ ಸೇದಿ ಕೊಟ್ಟ ನೀರಿಗೆ ಮಾತ್ರ ತಣಿಯುತ್ತದೆ ಎಂದು ಮಾಡಿ. ಆಗ ಬಾವಿಕಟ್ಟೆಯಲ್ಲಿ ಮೊದಲ ಚರಗಿ ಸುರಿಯದೆ ಹೋದವನು ಅದೇ ಮುದುಕಿಯ ಮುಂದೆ ಬಂದು ಕೈಯೊಡ್ಡಬೇಕಾಗುತ್ತದೆ. ನಿಯಮವೂ ಲೋರ್ ಕೂಡ ಒಂದೇ ಮಾತು ಹೇಳಿದರೆ ವಿವರಣೆ ಬೇಕಾಗುವುದಿಲ್ಲ.

ಯಾವಾಗ ಎಷ್ಟು

ಹತ್ತು ಸೆಷನ್‌ನ ಕ್ಯಾಂಪೇನ್‌ನಲ್ಲಿ ಮೊದಲೆರಡರಲ್ಲಿ ರೂಢಿ ಮಾತ್ರ ಕಾಣಲಿ, ವಿವರಣೆ ಬೇಡ. ಮೂರರಲ್ಲಿ ಜೋಳದ ವಸೂಲಿ. ನಾಲ್ಕು ಮತ್ತು ಐದರಲ್ಲಿ ಎರಡು ಆವೃತ್ತಿ, ಬೇರೆ ಬೇರೆ ಊರಿನವರಿಂದ. ಕೀಲಿ ಆರರಲ್ಲಿ, ಅದಕ್ಕಿಂತ ಮೊದಲು ಕೊಟ್ಟರೆ ಅದು ಬರೀ ಲೂಟಿ. ಮೂರನೇ ಆವೃತ್ತಿ ಎಂಟರಲ್ಲಿ. ಒಂದು ಸೆಷನ್‌ಗೆ ಉದ್ದಂಡನಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ತಂಡ ಒಂದು ಸುಳಿವನ್ನು ದಾಟಿ ಹೋದರೆ ಬೆನ್ನು ಹತ್ತಬೇಡಿ, ಅದೇ ಮಾಹಿತಿಗೆ ಇನ್ನೆರಡು ದಾರಿ ಮೊದಲೇ ಇಟ್ಟಿರಿ.

ಕೆಡುವುದು ಹೆಚ್ಚಾಗಿ ಏಳರ ಸುಮಾರಿಗೆ. ಆಟಗಾರರಿಗೆ ಉದ್ದಂಡ ಹಿಡಿಸಿದ್ದಾನೆಂದು ಕಂಡ ಕೂಡಲೇ, ಈವರೆಗಿನ ಎಲ್ಲ ಕೇಡಿಗೂ ಅವನೇ ಮೂಲ ಎಂದು ಮಾಡುವ ಮನಸ್ಸಾಗುತ್ತದೆ. ಹಾಗೆ ಮಾಡಿದರೆ ಉಳಿದ ವಿಲನ್‌ಗಳೆಲ್ಲ ಸಣ್ಣವರಾಗುತ್ತಾರೆ, ಇವನೂ ನೀರು ಬಿಟ್ಟು ಇನ್ನೇನೋ ಆಗಿಬಿಡುತ್ತಾನೆ. ಇವನ ಕೈ ನೀರು ಹರಿಯುವಷ್ಟು ದೂರ ಮಾತ್ರ ಚಾಚಲಿ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಟೇಬಲ್‌ಗಳಲ್ಲಿ ಅಡ್ಡಹೆಸರು ಕೇಳಿದರೆ ಊರು, ಕಸುಬು, ಜಾತಿ ಎಲ್ಲ ತಿಳಿದುಬಿಡುತ್ತದೆ. ಖಳನಿಗಾಗಲಿ, ಫಲಾನುಭವಿ ಮನೆತನಕ್ಕಾಗಲಿ ಇಲ್ಲಿ ಬಳಕೆಯಲ್ಲಿರುವ ಅಡ್ಡಹೆಸರು ಇಡಬೇಡಿ. ಜನ ಇಂದಿಗೂ ನಡೆದುಕೊಳ್ಳುವ ಗುಡಿ, ದರ್ಗಾ, ಮಠವನ್ನು ಎಳೆದು ತರಬೇಡಿ. ಕಟ್ಟಡದ ಆಕಾರ, ನೀರಿನ ದಾರಿ, ಶಾಸನದ ಧಾಟಿ ತಗೊಳ್ಳಿ, ಅದರಲ್ಲೇ ಬೇಕಾದಷ್ಟಿದೆ.

ಕೊನೆಗೆ ತಂಡ ವಸೂಲಿ ನಿಲ್ಲಿಸಬಹುದು, ಕೀಲಿ ಮುರಿಯಬಹುದು, ಕಲ್ಲಿನ ಮೇಲೆ ಹೆಸರು ಮತ್ತೆ ಕೆತ್ತಿಸಬಹುದು. ಮೂರನ್ನೂ ಮಾಡಲು ಬಿಡಿ. ಆದರೆ ರೂಢಿಯನ್ನು ಅದೇ ಸೆಷನ್‌ನಲ್ಲಿ ನಿಲ್ಲಿಸಬೇಡಿ, ಆಜ್ಞೆ ಹೊರಡಿಸಿದರೆ ರೂಢಿ ನಿಲ್ಲುವುದಿಲ್ಲ. ಯಾವ ಕುರುಹು ಯಾರ ಕೈಯಲ್ಲಿ ಏನಾಯಿತು ಎಂದು ಸೆಷನ್ ಮುಗಿದ ರಾತ್ರಿಯೇ ಒಂದೊಂದು ಸಾಲು ಬರೆದಿಡಿ. ಮುಂದಿನ ಕ್ಯಾಂಪೇನ್‌ಗೆ ವರ್ಷ ಮುಂದೆ ಸರಿಸಿದಾಗ ಆ ಸಾಲುಗಳೇ ಹೊಸ ಹಾಳೆಯ ಎಡಗಡೆಗೆ ಹೋಗುತ್ತವೆ, ಆಗ ತಂಡದವರ ಹೆಸರೂ ಅಲ್ಲಿರುತ್ತದೆ.