ತಲೆಯ ಗಡ್ಡೆಗೆ ಕರೆಂಟ್ (ರೇಡಿಯೇಶನ್) ಕೊಟ್ಟು ಹತ್ತು ವರ್ಷ ಆಯ್ತಾ? ಆ ಫೈಲ್ ಹುಡುಕಿ

ಗಡ್ಡೆ ಹೋಯ್ತು, ಕೂದಲು ಬಂತು, ಫೈಲ್ ಅಟ್ಟ ಸೇರಿತು. ಎಲ್ಲರ ಮನೆಯಲ್ಲೂ ಹೀಗೇ ಅಲ್ವಾ? ಮೊದಲು ಅದನ್ನು ಕೆಳಗಿಳಿಸಿ.

ಡಿಸ್ಚಾರ್ಜ್ ಸಮ್ಮರಿಯಲ್ಲಿ '54 ಗ್ರೇ, 30 ಫ್ರಾಕ್ಷನ್' ಅನ್ನೋ ಥರ ಒಂದು ಸಾಲು ಇರುತ್ತದೆ. ಗ್ರೇ ಅನ್ನೋದು ಡೋಸಿನ ಅಳತೆ, ಅಂದರೆ ಸಲಕ್ಕೆ 1.8 ಗ್ರೇಯಂತೆ 30 ಸಲ ರೇಡಿಯೇಶನ್ ಕೊಟ್ಟಿದ್ದಾರೆ. ಆ ಸಾಲು, ತಲೆಯ ಯಾವ ಭಾಗ, ಆಗ ವಯಸ್ಸೆಷ್ಟು, ಇಷ್ಟನ್ನು ಫೋಟೋ ತೆಗೆದು ಮನೆಯವರ ಮೊಬೈಲಲ್ಲೂ ಇಡಿ. ಸಿಗಲಿಲ್ಲವಾ? ಕರೆಂಟ್ ಕೊಟ್ಟ ವಿಭಾಗಕ್ಕೇ ಹೋಗಿ ಕೇಳಿ.

ಯಾಕೆ ಇಷ್ಟೊಂದು ಹಠ ಅಂದರೆ, ರೇಡಿಯೇಶನ್ ಗಡ್ಡೆಯನ್ನಷ್ಟೇ ಮುಟ್ಟಿ ಸುಮ್ಮನಾಗಲ್ಲ, ದಾರಿಯಲ್ಲಿ ಸಿಕ್ಕ ರಕ್ತನಾಳದ ಒಳಪದರಕ್ಕೂ ಪೆಟ್ಟು ಕೊಡುತ್ತದೆ, ಆ ಗೋಡೆ ವರ್ಷಗಟ್ಟಲೆ ನಿಧಾನವಾಗಿ ದಪ್ಪಗಾಗಿ ನಾಳ ಕಿರಿದಾಗಿ ಮುಂದೆ ಲಕ್ವ (ಸ್ಟ್ರೋಕ್) ಹೊಡೆಯಬಹುದು. ಎಲ್ಲರಿಗೂ ಆಗಲ್ಲ. ಡೋಸ್ ಜಾಸ್ತಿ ಇದ್ದವರಿಗೆ, ಚಿಕ್ಕ ವಯಸ್ಸಲ್ಲೇ ಕೊಟ್ಟಿದ್ದರೆ, ಮೆದುಳಿನ ಬುಡದ ದೊಡ್ಡ ನಾಳಗಳ ಹತ್ತಿರ ಬಿದ್ದಿದ್ದರೆ ಅಪಾಯ ಹೆಚ್ಚು. ಕೆಲವು ಮಕ್ಕಳಲ್ಲಿ ದೊಡ್ಡ ನಾಳ ಮುಚ್ಚಿಕೊಳ್ಳುತ್ತಾ ಬಂದು, ಸುತ್ತ ಎಳೆ ಎಳೆಯಾಗಿ ಹೊಸ ನಾಳಗಳು ಹುಟ್ಟುತ್ತವೆ. ಸ್ಕ್ಯಾನ್‌ನಲ್ಲಿ ಹೊಗೆ ಎದ್ದ ಹಾಗೆ ಕಾಣುತ್ತದೆ. ಅದಕ್ಕೇ ಜಪಾನಿನವರು ಮೋಯಾಮೋಯಾ ಅಂದರು.

ಇನ್ನು ಸಣ್ಣ ನಾಳಗಳಿಂದ ಹನಿ ರಕ್ತ ಜಿನುಗುವುದೂ ಉಂಟು. ಸಾದಾ ಸಿಟಿ ಸ್ಕ್ಯಾನಲ್ಲಿ ಅದು ತಪ್ಪಿಹೋಗಬಹುದು. ಎಂಆರ್‌ಐನಲ್ಲಿ ಎಸ್‌ಡಬ್ಲ್ಯುಐ ಅಂತ ಒಂದು ಬಗೆ ಇದೆ, ಅದರಲ್ಲಿ ಕರೀ ಚುಕ್ಕೆಗಳಾಗಿ ಕಾಣುತ್ತದೆ. ನಾಳ ನೋಡೋಕೆ ಎಂಆರ್ ಆಂಜಿಯೋ. ನಿಮಗೆ ಬೇಕಾ, ಎಷ್ಟು ವರ್ಷಕ್ಕೊಮ್ಮೆ ಅನ್ನೋದನ್ನು ಡಾಕ್ಟರಿಗೆ ಬಿಡಿ, ಆದರೆ ಕೇಳೋದಂತೂ ಕೇಳಿ.

ನಮ್ಮ ಕೈಲಿರೋದು ಬಿಪಿ. ವಯಸ್ಸು ಇಪ್ಪತ್ತೈದೇ ಇರಲಿ, ವರ್ಷಕ್ಕೊಮ್ಮೆಯಾದರೂ ನೋಡಿಸಿ. ಶುಗರ್, ಕೊಲೆಸ್ಟ್ರಾಲ್ ಜೊತೆಗೇ ಆಗಲಿ. ಬೀಡಿ ಸಿಗರೇಟು ಬಿಡಲೇಬೇಕು, ಇದರಲ್ಲಿ ಚೌಕಾಸಿ ಇಲ್ಲ.

ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ತಕ್ಷಣ 108. ಲಕ್ವ ಅಂತ ನಾಟಿ ಮದ್ದಿಗೆ ಓಡಬೇಡಿ. ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಸ್ಕ್ಯಾನ್ ಆಗೋ ಮೊದಲೇ ಮನೆಯಲ್ಲಿ ಆಸ್ಪಿರಿನ್ ನುಂಗಿಸಲೂಬೇಡಿ, ಒಳಗೆ ರಕ್ತ ಸೋರುತ್ತಿದ್ದರೆ? ರೇಡಿಯೇಶನ್ ಆದ ಕೆಲವರಿಗೆ ಜೋರು ತಲೆನೋವಿನ ಜೊತೆ ಲಕ್ವದಂಥದ್ದೇ ಬಂದು ದಿನ, ವಾರಗಳಲ್ಲಿ ಇಳಿಯುವುದೂ ಇದೆ, ಆದರೆ ಅದು ಯಾವುದು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡೋಕಾಗಲ್ಲ.

ಎಮರ್ಜೆನ್ಸಿಯಲ್ಲಿ ಬಾಯಿಬಿಟ್ಟು ಮೊದಲ ಮಾತೇ ಹೇಳಿ: 'ಇವರ ತಲೆಗೆ ಇಂಥ ವರ್ಷ ಕರೆಂಟ್ ಕೊಟ್ಟಿದೆ.' ಕೂದಲು ಬೆಳೆದಿರುತ್ತದೆ, ನೋಡಿದವರಿಗೆ ಗೊತ್ತಾಗಲ್ಲ.